‘ಮನೆಗೆ ಇಷ್ಟು’ ಎಂದರೆ ಭವನ ಏಳದು

ಅಮೆರಿಕದಲ್ಲಿ ಭವನ ಕಟ್ಟಹೊರಡುವ ನಮ್ಮವರು ಊರಿನ ಲೆಕ್ಕವನ್ನೇ ಹಿಡಿಯುವುದುಂಟು: ಒಟ್ಟು ಖರ್ಚನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿ ‘ಮನೆಗೆ ಇಷ್ಟು’ ಎಂದು ಚಂದಾ ಎತ್ತುವುದು. ಊರಹಬ್ಬಕ್ಕೆ ಅದು ಸರಿ. ಎಲ್ಲರದೂ ಸಮಪಾಲು, ಯಾರಿಗೂ ಸಂಕೋಚವಿಲ್ಲ. ಆದರೆ 10 ಲಕ್ಷ ಡಾಲರಿನ ಕಟ್ಟಡಕ್ಕೆ ಸಾವಿರ ಮನೆ, ತಲಾ ಸಾವಿರ ಎಂದು ಸಾರಿಬಿಟ್ಟರೆ, ಲಕ್ಷ ಕೊಡಬಲ್ಲವರೂ ಸಾವಿರಕ್ಕೇ ನಿಲ್ಲುತ್ತಾರೆ. ಕೊಡಲಾಗದವರು ಮುಖ ತಪ್ಪಿಸುತ್ತಾರೆ.

ಬೇರೆ ದಾರಿ ಈ ನೆಲದಲ್ಲೇ ಇದೆ. 1905ರಲ್ಲಿ ಚಾರ್ಲ್ಸ್ ಸಮ್ನರ್ ವಾರ್ಡ್ ಮತ್ತು ಲೈಮನ್ ಪಿಯರ್ಸ್ ವಾಷಿಂಗ್ಟನ್ನಿನ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಕಟ್ಟಡಕ್ಕೆ ಹಣ ಎತ್ತಿದ ರೀತಿ ಹೊಸದು: ಬಿಗಿ ಗಡುವು, ನಾಯಕರ ಕೈಕೆಳಗೆ ತಂಡಗಳು, ಪತ್ರಿಕೆಗಳಲ್ಲಿ ಬಿಡದ ಪ್ರಚಾರ. ಸೇರಿದ ಮೊತ್ತ ತೋರಿಸುವ ದೊಡ್ಡ ಗಡಿಯಾರ ವಾರ್ಡ್ ಅವರ ಗುರುತೇ ಆಯಿತು. 1917ರಲ್ಲಿ ರೆಡ್ ಕ್ರಾಸ್ ಒಂದೇ ವಾರದಲ್ಲಿ 10 ಕೋಟಿ ಡಾಲರ್ ದಾಟಿದ್ದು ಇದೇ ಕ್ರಮದಿಂದ.

ಗಡಿಯಾರವನ್ನು ಯಾರಾದರೂ ನಕಲು ಮಾಡಬಹುದು. ಸೊನ್ನೆಯಿಂದ ಶುರುವಾದ ಮುಳ್ಳು ಅಲ್ಲೇ ನಿಂತರೆ ಊರಿಗೆಲ್ಲ ಕಾಣುವುದು ಸೋಲು. ಅದಕ್ಕೇ ವಾರ್ಡ್ ನಂತರ ಬೆಳೆದ, ಸಂಸ್ಥೆಗಳಿಗೆ ದೇಣಿಗೆ ಎತ್ತಿಕೊಡುವ ವೃತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಣಕ್ಕೆ ಮಾತು ಸಿಗುವವರೆಗೆ ಸುದ್ದಿ ಹೊರಬಿಡುವುದಿಲ್ಲ. ಅದೇ 10 ಲಕ್ಷಕ್ಕೆ ಮೊದಲು ಒಂದೂವರೆ ಲಕ್ಷದ ದೇಣಿಗೆ ಒಂದು, ಲಕ್ಷದ್ದು ಎರಡು, 50 ಸಾವಿರದ್ದು ನಾಲ್ಕು ಹುಡುಕುತ್ತಾರೆ. ಏಳು ದೇಣಿಗೆಗೇ ಐದೂವರೆ ಲಕ್ಷವಾಯಿತು. ಒಂದೊಂದಕ್ಕೂ ಮೂರು ನಾಲ್ಕು ಹೆಸರು ಕೈಯಲ್ಲಿರಬೇಕು, ಎಲ್ಲರೂ ಒಪ್ಪುವುದಿಲ್ಲ. ಮೂರರಿಂದ ಐದು ವರ್ಷದ ಕಂತಿಗೆ ಬರವಣಿಗೆಯಲ್ಲೇ ಮಾತು ಪಡೆಯುತ್ತಾರೆ. ಹಣ ಎತ್ತಿಕೊಡುವ ವೃತ್ತಿಪರರಿಗೆ ನಿಗದಿತ ಶುಲ್ಕ; ಶೇಕಡಾವಾರು ಕಮಿಷನ್ ಇಲ್ಲಿನ ವೃತ್ತಿನೀತಿಗೆ ವಿರುದ್ಧ. ಅದು ಸರಿಯೇ. ಕೊಟ್ಟ ದುಡ್ಡಿನಲ್ಲಿ ಕೇಳಿದವನಿಗೂ ಪಾಲಿದೆ ಎಂದಾದರೆ ದಾನಿಯ ನಂಬಿಕೆ ಉಳಿಯದು.

ನಾವು ಎಡವುವುದು ಕೇಳುವ ಗಳಿಗೆಯಲ್ಲಿ. ಕೇಳಹೋಗುವವರು ಮೊದಲು ತಮ್ಮ ದೇಣಿಗೆ ಬರೆದಿರಬೇಕು. ಇಬ್ಬರು ಹೋಗಿ, ಎದುರು ಕೂತು, “50 ಸಾವಿರ ಕೊಡುವ ಬಗ್ಗೆ ಯೋಚಿಸುತ್ತೀರಾ?” ಎಂದು ಕೇಳಿ ಸುಮ್ಮನಾಗಬೇಕು. ಆ ಮೌನ ತಡೆಯಲಾರದೆ ನಾವು “ನಿಮ್ಮ ಕೈಲಾದಷ್ಟು ಕೊಡಿ, ಪರವಾಗಿಲ್ಲ” ಅಂದುಬಿಡುತ್ತೇವೆ. ಯೋಚಿಸುತ್ತಿದ್ದವರು ನಿರಾಳವಾಗಿ 500ಕ್ಕೆ ಚೆಕ್ ಬರೆಯುತ್ತಾರೆ.