ಚಿಕ್ಕಪ್ಪನ ಬಿಸಿನೀರಿನ ಬುಗ್ಗೆ

2001-02ರ ಹೊತ್ತಿಗೆ ಕಾಫಿ ಬೆಲೆ ನೆಲಕಚ್ಚಿದಾಗ ಕೊಡಗಿನಲ್ಲಿ ಮನೆಗೊಂದು ಹೊಸ ಯೋಚನೆ ಹುಟ್ಟಿಕೊಂಡಿತು. ಕೆಲವರು ವೆನಿಲ್ಲಾ ಬಳ್ಳಿ ಹಬ್ಬಿಸಿದರು, ಕೆಲವರು ಹೋಂಸ್ಟೇ ಬೋರ್ಡು ನೆಟ್ಟರು. ಪುತ್ತೂರಿನ ಕಡೆ ಮದುವೆಗೆ ಹೋಗಿದ್ದ ನಮ್ಮ ಚಿಕ್ಕಪ್ಪ ಮಾತ್ರ ಇರ್ದೆಯ ಬೆಂದ್ರುತೀರ್ಥದಲ್ಲಿ ಕಾಲು ಅದ್ದಿ ಬಂದರು. ತಾನಾಗಿಯೇ ಕಾದು ಬರುವ ನೀರು! ಸೌದೆ ಬೇಡ, ಕರೆಂಟು ಬೇಡ. (ಮಳೆಗಾಲದಲ್ಲಿ ನಮ್ಮೂರಿನ ಕರೆಂಟು ಹೇಗೂ ಬೇಡವೆಂದರೂ ಬೇಕೆಂದರೂ ಬರುವುದಿಲ್ಲ.)

ಅದೇ ಡಿಸೆಂಬರಿನಲ್ಲಿ, ನಸುಕಿಗೆ ತೋಟದ ಕೆಳಗಿನ ಒರತೆಯಿಂದ ಹಬೆ ಏಳುತ್ತಿರುವುದು ಅವರ ಕಣ್ಣಿಗೆ ಬಿತ್ತು. ಕೈಯಿಟ್ಟರು, ಬೆಚ್ಚಗಿತ್ತು. ಮಧ್ಯಾಹ್ನದೊಳಗೆ ರಿಸಾರ್ಟಿನ ದರಪಟ್ಟಿ ಸಿದ್ಧವಾಯಿತು.

"ನಾನು ಮದುವೆಯಾಗಿ ಬಂದಾಗಿನಿಂದಲೂ ಚಳಿಗಾಲದಲ್ಲಿ ಅದು ಹಾಗೆಯೇ ಹೊಗೆಯಾಡುತ್ತದೆ ಕಣೋ" ಎಂದರು ಅಜ್ಜಿ. ಚಿಕ್ಕಪ್ಪ ಅದನ್ನು ಐತಿಹಾಸಿಕ ಸಾಕ್ಷ್ಯವೆಂದು ಪರಿಗಣಿಸಿದರು.

ನಿಜವಾದ ಬಿಸಿನೀರಿನ ಬುಗ್ಗೆಗೆ ಮಳೆನೀರು ಬಂಡೆಯ ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿಯಬೇಕು. ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿಯಂತೆ ಕಾಯಬೇಕು, ಆರುವ ಮೊದಲೇ ಮೇಲೆ ಬರಬೇಕು. ನಮ್ಮ ನೀರು ಹಿತ್ತಿಲ ಗುಡ್ಡದಿಂದ ಇಳಿದು ಬಂದದ್ದು. ಒರತೆ ವರ್ಷವಿಡೀ ಹೆಚ್ಚುಕಡಿಮೆ 20 ಡಿಗ್ರಿಯಲ್ಲೇ ಇರುತ್ತದೆ. ಹೊರಗೆ ಹಲ್ಲು ಕಟಕಟಿಸುವಾಗ ಅದೇ ಬೆಚ್ಚಗೆನಿಸುತ್ತದೆ. ಬಿಸಿಲೇರಿದರೆ ಮುಗಿಯಿತು.

ಬೆಂಗಳೂರಿನಿಂದ ಬಂದ ಮೊದಲ ಕುಟುಂಬ ತೊಟ್ಟಿಗೆ ಇಳಿದದ್ದು ಬಿಸಿಲೇರಿದ ಮೇಲೆ. ಇಳಿದದ್ದಕ್ಕಿಂತ ಬೇಗ ಮೇಲೆ ಬಂದರು. "ಬುಗ್ಗೆಗೂ ಹೊತ್ತುಗೊತ್ತು ಅಂತ ಇರುತ್ತದೆ" ಎಂದು ಚಿಕ್ಕಪ್ಪ ಅವರ ನೀಲಿ ತುಟಿಗಳಿಗೆ ಸಮಜಾಯಿಷಿ ಕೊಟ್ಟರು. ಅಂದು ರಾತ್ರಿಯೇ ಬಚ್ಚಲಿನ ತಾಮ್ರದ ಹಂಡೆ ತೊಟ್ಟಿಯ ಹಿಂದಿನ ಗೋಡೆಯಾಚೆಗೆ ವರ್ಗವಾಯಿತು. ಅಲ್ಲಿಂದ ತೊಟ್ಟಿಗೆ ಒಂದು ಗುಪ್ತ ಪೈಪು. ಭೂಗರ್ಭದ ಶಾಖದ ಉಸ್ತುವಾರಿ ನನ್ನದು. ಇಡೀ ಕ್ರಿಸ್‌ಮಸ್ ರಜೆ ಕಾಫಿ ಗಿಡದಿಂದ ಸವರಿದ ಕಡ್ಡಿ, ಸಿಲ್ವರ್ ಓಕ್ ಕೊಂಬೆಗಳನ್ನು ಒಲೆಗೆ ತುರುಕುತ್ತ ಕಳೆದೆ.

"ಈ ವಾಸನೆ ಗಂಧಕದ್ದಲ್ಲವೇ?" ಎಂದು ಅತಿಥಿಯೊಬ್ಬರು ಮೂಗರಳಿಸಿ ಕೇಳಿದರು. ಹೌದೆಂದೂ ಅಲ್ಲವೆಂದೂ ತಿಳಿಯಬಹುದಾದ ರೀತಿಯಲ್ಲಿ ಚಿಕ್ಕಪ್ಪ ತಲೆಯಾಡಿಸಿದರು. ಆ ಕಲೆ ಅವರಿಗೆ ಗ್ರಾಮಸಭೆಗಳಲ್ಲಿ ಸಿದ್ಧಿಸಿದ್ದು.

ಮರುದಿನ ನಸುಕಿಗೆ ಅದೇ ಅತಿಥಿ ವಾಸನೆಯ ಜಾಡು ಹಿಡಿದು ಗೋಡೆಯಾಚೆಗೆ ಬಂದುಬಿಟ್ಟರು. ಮೈಯೆಲ್ಲ ಮಸಿಯಾಗಿ ನಾನು ಕೊಳವೆ ಊದುತ್ತಿದ್ದೆ. ಅವರು ನನ್ನನ್ನು ನೋಡಿದರು, ಹಂಡೆಯನ್ನು ನೋಡಿದರು, ಸೌದೆ ರಾಶಿಯ ಮೇಲೆ ಕುಳಿತು ಬೆಂಕಿಗೆ ಕೈಚಾಚಿದರು. ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಬಂದರು, ಹಿಂದೆಯೇ ಮಕ್ಕಳು. ತಿಂಡಿಯ ಹೊತ್ತಿಗೆ ತೊಟ್ಟಿಯಲ್ಲಿ ನರಪಿಳ್ಳೆಯಿಲ್ಲ. ಅಕ್ಕಿ ರೊಟ್ಟಿ, ಪಂದಿ ಕರಿ ಎಲ್ಲವೂ ಒಲೆಯ ಬುಡಕ್ಕೇ ಸರಬರಾಜಾದವು.

ಚಿಕ್ಕಪ್ಪ ತಡಮಾಡಲಿಲ್ಲ. ಗೋಡೆಯಾಚೆ ಬೆಂಚು ಹಾಕಿಸಿ, ದರಪಟ್ಟಿಯಲ್ಲಿ 'ಒಲೆ ಬದಿ' ಎಂದು ಬರೆದು ತಲೆಗಿಷ್ಟೆಂದು ಗೊತ್ತುಮಾಡಿದರು.

ಅಜ್ಜಿ ಕನ್ನಡಕ ಏರಿಸಿ ಪಟ್ಟಿಯನ್ನು ಪೂರ್ತಿ ಓದಿದರು. "ಹಂಡೆ ನನ್ನ ತವರಿನದು. ಇದರಲ್ಲಿ ನನಗೆಷ್ಟು?"