ಕಂಪನಿ ಬೇರೆ, ಕಂಬ ಅದೇ

ನಂಬರ್ ಉಳಿಸಿಕೊಂಡು ಮೊಬೈಲ್ ಕಂಪನಿ ಬದಲಿಸುವ ಅವಕಾಶ ಇಡೀ ದೇಶಕ್ಕೆ ಸಿಕ್ಕಿದ್ದು 2011ರ ಜನವರಿ 20ರಂದು. 1900ಕ್ಕೊಂದು ಮೆಸೇಜ್ ಕಳಿಸಿ ಶುರು ಮಾಡಿದರಾಯಿತು. ಹಳೇ ಕಂಪನಿಗೆ ಮನಸ್ಸಿರಲಿ, ಇಲ್ಲದಿರಲಿ, ನಿಮ್ಮನ್ನು ಬಿಟ್ಟುಕೊಡಬೇಕು. ಮನೆಯ ಬ್ರಾಡ್‌ಬ್ಯಾಂಡಿಗೆ ಮಾತ್ರ ಆ ಭಾಗ್ಯ ಇಲ್ಲ. ಇಲ್ಲಿ ಹಳೇ ಕನೆಕ್ಷನ್ ಕಡಿಸಿ, ಹೊಸದಕ್ಕೆ ಅರ್ಜಿ ಹಾಕಿ, ನಡುವಿನ ದಿನಗಳಲ್ಲಿ ನೆರೆಮನೆಯವರ ವೈಫೈ ಪಾಸ್‌ವರ್ಡಿಗಾಗಿ ಹಲ್ಲು ಗಿಂಜಬೇಕು. ಅದೂ ನೀವು ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಕಡೆಯವರಾದರೆ ಇನ್ನೊಂದು ಸುತ್ತು ಜಾಸ್ತಿ.

ಈಗಿನ ಮಕ್ಕಳಿಗೆ ಹೇಳಿದರೆ ನಂಬಲಿಕ್ಕಿಲ್ಲ. ಒಂದು ಕಾಲದಲ್ಲಿ ಮನೆಯ ಕಂಪ್ಯೂಟರಿಗೆ ಇಂಟರ್‌ನೆಟ್ ಬೇಕೆಂದರೆ ಮೊದಲು ಲ್ಯಾಂಡ್‌ಲೈನ್ ಇರಬೇಕಿತ್ತು. 2005ರ ಹೊತ್ತಿಗೆ ಫೋನಿನ ತಾಮ್ರದ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಬರತೊಡಗಿತು. ಕೆಲವೇ ವರ್ಷಗಳಲ್ಲಿ ಮಾತಾಡಲು ಎಲ್ಲರ ಕೈಗೂ ಮೊಬೈಲ್ ಬಂತು. ಆದರೂ ಇಂಟರ್‌ನೆಟ್ಟಿಗೋಸ್ಕರ ಫೋನ್ ಸಾಕಬೇಕಿತ್ತು. ಅದಕ್ಕೆ ತಿಂಗಳ ಬಾಡಿಗೆ, ಧೂಳು ಕೂರದ ಹಾಗೆ ಮೇಲೊಂದು ಕಸೂತಿ ಬಟ್ಟೆ. ಅಪರೂಪಕ್ಕೆ ರಿಂಗ್ ಆದರೆ ರಾಂಗ್ ನಂಬರ್.

ಆಗಿನ ಸ್ಪೀಡಿನ ಬಗ್ಗೆಯೂ ಒಂದು ಮಾತು. 2004ರ ಸರ್ಕಾರಿ ನೀತಿಯ ಪ್ರಕಾರ 256 ಕೆಬಿಪಿಎಸ್ ಬಂದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಅದನ್ನು 512 ಮಾಡಿದರು. 2023ರಲ್ಲಿ 2 ಎಂಬಿಪಿಎಸ್. ಹೀಗೆ ದೆಹಲಿಯ ಕಾಗದದಲ್ಲಿ ಸ್ಪೀಡು ಏರುತ್ತಾ ಹೋಯಿತು. ನಮ್ಮ ಮನೆಗಳಲ್ಲಿ ಅದೇ ಉರುಟು ಗಾಲಿ ಸ್ಕ್ರೀನಿನ ನಡುವೆ ತಿರುಗುತ್ತಾ ಇತ್ತು.

ಅದರ ಮೇಲೆ ಸಿಡಿಲು. ಏಪ್ರಿಲ್ ಕಳೆದು ಸಂಜೆಯ ಗುಡುಗು ಶುರುವಾಯಿತು ಅಂದ್ರೆ ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ಒಂದೇ ಕೂಗು, "ಏ, ಮೋಡೆಮ್ ತೆಗಿರೋ!" ತಂತಿ ಕಿತ್ತಿಡದಿದ್ದರೆ ಮೋಡೆಮ್ ಸುಟ್ಟುಹೋಗುತ್ತಿತ್ತು. ದಿನಾ ಕಿತ್ತು ದಿನಾ ಹಾಕಿ ಆ ಪಿನ್ನಿನ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತಿತ್ತು. ಆಮೇಲೆ ಅದು ತೂತಿನಲ್ಲಿ ನಿಲ್ಲುವುದಿಲ್ಲ. ಬೆಂಕಿಕಡ್ಡಿಯ ತುಂಡು ಸಿಕ್ಕಿಸಿ ನಿಲ್ಲಿಸಬೇಕು. ದೇಶದ ಡಿಜಿಟಲ್ ಭವಿಷ್ಯ ಎಷ್ಟೋ ವರ್ಷ ನಮ್ಮಲ್ಲಿ ಒಂದು ಬೆಂಕಿಕಡ್ಡಿಯ ಮೇಲೆ ನಿಂತಿತ್ತು. ಫೈಬರ್ ಬಂದ ಮೇಲೆ ಆ ಹೆದರಿಕೆ ಹೋಯಿತು ಅಂದರು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲವಂತೆ. ನಿಜವೇ. ಆದರೆ ಗಾಜಿನ ಜೊತೆ ಬಿಗಿಗೆಂದು ಹಾಕಿದ ಉಕ್ಕಿನ ಸರಿಗೆಗೆ ಅದು ಗೊತ್ತಿಲ್ಲ. ಬಾಕ್ಸಿನ ಅಡಾಪ್ಟರ್ ಸಿಕ್ಕಿಸಿದ ಪ್ಲಗ್ಗಿಗೂ ಗೊತ್ತಿಲ್ಲ.

ಲ್ಯಾಂಡ್‌ಲೈನ್ ಬೇಡ ಅನ್ನುವವರಿಗೆ ನಡುವೆ ಡಾಂಗಲ್ ಬಂತು, ಆಮೇಲೆ ಮೊಬೈಲಿನ ಹಾಟ್‌ಸ್ಪಾಟ್. ಇಲ್ಲಿ ನಮ್ಮ ಗಡಿಯ ವಿಶೇಷ ಶುರು. ಟೆಲಿಕಾಂ ಇಲಾಖೆ ದೇಶವನ್ನು ಸರ್ಕಲ್ಲುಗಳಾಗಿ ಕತ್ತರಿಸಿದೆ. ಕೇರಳ ಸರ್ಕಲ್ಲಿಗೆ ಲಕ್ಷದ್ವೀಪವೂ ಸೇರುತ್ತದೆ. ಹಾಗಾಗಿ ಅರಬ್ಬಿ ಸಮುದ್ರದ ನಡುವೆ ಇರುವ ಕವರತ್ತಿ ಮಂಜೇಶ್ವರದವರಿಗೆ ಒಳಊರು. ತಲಪಾಡಿ ಟೋಲ್‌ಗೇಟ್ ಪರವೂರು. ರೋಮಿಂಗಿಗೆ ದುಡ್ಡು ಕೀಳುತ್ತಿದ್ದ ಕಾಲದಲ್ಲಿ ಅಡುಗೆಮನೆಯಲ್ಲಿ ಕೇರಳ, ಜಗಲಿಯಲ್ಲಿ ಕರ್ನಾಟಕ. ಚಾ ಹಿಡಿದುಕೊಂಡು ಹೊರಗೆ ಬಂದರೆ "ಕರ್ನಾಟಕಕ್ಕೆ ಸ್ವಾಗತ" ಅಂತ ಮೆಸೇಜ್, ಜೊತೆಗೆ ಬ್ಯಾಲೆನ್ಸ್ ಖಾಲಿ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿತ್ತು. ಅದನ್ನು ಜಾರಿ ಮಾಡಿದ್ದು ಮೊಬೈಲ್ ಟವರ್ ಒಂದೇ. ಅದೂ ಸಿಗ್ನಲ್ ಇದ್ದಷ್ಟು ಹೊತ್ತು.

ಈಗ ಎಲ್ಲ ಕಡೆ ಫೈಬರ್. ಲ್ಯಾಂಡ್‌ಲೈನ್ ಬೇಡವೇ ಬೇಡ. ಬೇಡ ಅಂದರೂ ಕನೆಕ್ಷನ್ ಜೊತೆ ಒಂದು ಫೋನ್ ನಂಬರ್ ಪುಕ್ಕಟೆ ಕೊಡುತ್ತಾರೆ, ಇಟ್ಟುಕೊಳ್ಳಿ. ಬೇಕಾದದ್ದು ಒಂದೇ, ಫೀಸಿಬಿಲಿಟಿ. ಅಂದರೆ ನಿಮ್ಮ ಮನೆಯವರೆಗೆ ಲೈನ್ ಎಳೆಯಲು ಸಾಧ್ಯವೋ ಇಲ್ಲವೋ ಅನ್ನುವುದು. ಆ ಇಂಗ್ಲಿಷ್ ಪದ ನಮ್ಮ ಊರಿನ ಅಜ್ಜಿಯಂದಿರಿಗೂ ಬಾಯಿಪಾಠ. ಕಂಪನಿಯ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿ. 57ರಿಂದ ಶುರುವಾದರೆ ಮಂಗಳೂರಿನ ಲೆಕ್ಕ, ಹಸಿರು ಟಿಕ್ ಬೀಳುತ್ತದೆ. ನಮ್ಮ 671 ಹಾಕಿದ ಕೂಡಲೇ "ಶೀಘ್ರದಲ್ಲೇ ನಿಮ್ಮ ಊರಿಗೆ ಬರುತ್ತಿದ್ದೇವೆ" ಅಂತ ಒಂದು ನಗುಮುಖ. ಗಡಿಯಲ್ಲಿ ಆಚೆಯ ಕರೆಂಟ್ ಕಂಬ ಕರ್ನಾಟಕದ ಮೆಸ್ಕಾಂನದ್ದು, ಈಚೆಯದು ಕೇರಳದ ಕೆಎಸ್‌ಇಬಿಯದ್ದು. ಕೇಬಲ್ ಆಚೆಯ ಕೊನೇ ಕಂಬದವರೆಗೆ ಬಂದು, ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಈಚೆ ಬರಲು ಅದಕ್ಕೆ ಬೇರೆ ರಾಜ್ಯದ ಲೈಸೆನ್ಸ್, ಬೇರೆ ಕಂಬದ ಬಾಡಿಗೆ. ಅಡಿಕೆ ಲಾರಿ ದಾಟುತ್ತದೆ, ಮದುವೆ ದಿಬ್ಬಣ ದಾಟುತ್ತದೆ, ಯಕ್ಷಗಾನ ಮೇಳ ದಾಟುತ್ತದೆ. ಬೆಳಕಿನ ವೇಗದಲ್ಲಿ ಓಡುವ ಇಂಟರ್‌ನೆಟ್ ಮಾತ್ರ ಅಲ್ಲೇ ನಿಲ್ಲುತ್ತದೆ.

ಹಾಗಂತ ನಮಗೆ ಹಕ್ಕಿಲ್ಲ ಅನ್ನಬೇಡಿ. ಇಂಟರ್‌ನೆಟ್ ಪ್ರತಿಯೊಬ್ಬರ ಹಕ್ಕು ಅಂತ ಸಾರಿದ ರಾಜ್ಯದಲ್ಲೇ ನಾವಿರುವುದು. 2023ರ ಜೂನ್ 5ರಂದು ಕೇರಳ ಸರ್ಕಾರದ ಫೈಬರ್ ಇಂಟರ್‌ನೆಟ್ ಯೋಜನೆ ಕೆ-ಫೋನ್‌ನ ಉದ್ಘಾಟನೆಯೂ ಆಯಿತು. 30 ಸಾವಿರ ಸರ್ಕಾರಿ ಕಚೇರಿಗಳಿಗೆ ಕನೆಕ್ಷನ್, 20 ಲಕ್ಷ ಬಡ ಕುಟುಂಬಗಳಿಗೆ ಪುಕ್ಕಟೆ ಅಂತ ಯೋಜನೆ. ಮೊದಲ ಹಂತದ ಗುರಿ ವಿಧಾನಸಭಾ ಕ್ಷೇತ್ರಕ್ಕೆ 100 ಮನೆಯ ಹಾಗೆ 14 ಸಾವಿರ. ಕಾಸರಗೋಡು ಜಿಲ್ಲೆಗೆ ಕ್ಷೇತ್ರ ಐದು. ಲೆಕ್ಕ ನೀವೇ ಹಾಕಿ, 500 ಮನೆ. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆಗೆ ಕ್ಯೂ ನಿಂತು ಅಭ್ಯಾಸ ಇದ್ದವರಿಗೆ ಹಕ್ಕಿಗೂ ಕ್ಯೂ ನಿಲ್ಲುವುದು ಏನೂ ಕಷ್ಟ ಅಲ್ಲ.

ಇರಲಿ. ಹೇಗೋ ಒಂದು ಕನೆಕ್ಷನ್ ಸಿಕ್ಕಿತು ಅನ್ನಿ. ಪ್ಲಾನ್ 499 ರೂಪಾಯಿ. ಬಿಲ್ ಬರುವುದು 588 ರೂಪಾಯಿ 82 ಪೈಸೆ, ಶೇಕಡಾ 18 ಜಿಎಸ್‌ಟಿ. 100 ಎಂಬಿಪಿಎಸ್ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಅದರ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ "ವರೆಗೆ" ಅಂತ ಇರುತ್ತದೆ. ಇಡೀ ವ್ಯಾಪಾರ ನಿಂತಿರುವುದು ಆ "ವರೆಗೆ" ಮೇಲೆ. ಇನ್ನು ಅದು ಬಿಟ್ಟಿನ ಲೆಕ್ಕ. ಫೈಲಿನ ಲೆಕ್ಕಕ್ಕೆ ಎಂಟರಿಂದ ಭಾಗಿಸಬೇಕು. ಪೂರ್ತಿ ಸ್ಪೀಡು ಬಂದರೂ ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ನಮ್ಮ ಮುರಕಲ್ಲಿನ ಗೋಡೆ ದಾಟಿ ಒಳಕೋಣೆಗೆ ಹೋಗುವಾಗ ಅದರಲ್ಲಿ ಉಳಿಯುವುದು ಆ ಅರೆ ಮಾತ್ರ.

ಮೊದಲ ತಿಂಗಳು ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ದಿನ ಬಾಕ್ಸಿನಲ್ಲಿ ಎಲ್‌ಒಎಸ್ ಅನ್ನುವ ಕಡೆ ಕೆಂಪು ದೀಪ ಮಿಣುಕುತ್ತದೆ. ಎಲ್ಲೋ ಲೈನ್ ಕಡಿದಿದೆ ಅಂತ ಅರ್ಥ. ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆಗುವ ಗಲಾಟೆಯಲ್ಲಿ ಜೆಸಿಬಿ ಕಡಿದಿರಬಹುದು. ಮಳೆಗಾಲಕ್ಕೆ ಮುಂಚೆ ಕೊಂಬೆ ಸವರುವವರ ಕತ್ತಿ ತಾಗಿರಬಹುದು. ಮಂಗ ಜೋಕಾಲಿ ಆಡಿರಬಹುದು. ದೂರು ಕೊಡಬೇಕು. ಆ್ಯಪ್‌ನಲ್ಲಿ ಕೊಡಿ ಅನ್ನುತ್ತಾರೆ. ಆ್ಯಪ್ ತೆರೆದರೆ "ದಯವಿಟ್ಟು ನಿಮ್ಮ ಇಂಟರ್‌ನೆಟ್ ಸಂಪರ್ಕ ಪರೀಕ್ಷಿಸಿ" ಅನ್ನುತ್ತದೆ. ಅದನ್ನೇ ಅಲ್ವಾ ಮಾರಾಯ್ರೆ ನಾವು ಹೇಳಲು ಹೊರಟದ್ದು!

ಫೋನ್ ಮಾಡಿದರೆ ಮಲಯಾಳಕ್ಕೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು, ಹಿಂದಿಗೆ ಮೂರು. ಮಲಯಾಳ ನಮಗೆ ಬಾರದ್ದೇನಲ್ಲ. ಯಾವ ಭಾಷೆ ಒತ್ತಿದರೂ ಕೊನೆಗೆ ಕೇಳುವುದು ಒಂದೇ ವೀಣೆಯ ಟ್ಯೂನ್. ಅದು ಕೇಳುತ್ತಾ ಕೇಳುತ್ತಾ ನಿದ್ದೆ ಹತ್ತಿ, ಎಚ್ಚರ ಆಗುವಾಗ ಮೆಸೇಜ್ ಬಂದಿರುತ್ತದೆ: "ನಿಮ್ಮ ದೂರು ಪರಿಹಾರವಾಗಿದೆ. ಎಷ್ಟು ಸ್ಟಾರ್ ಕೊಡುತ್ತೀರಿ?" ಕೆಂಪು ದೀಪ ಹಾಗೇ ಮಿಣುಕುತ್ತಿರುತ್ತದೆ.

ಸಾಕಪ್ಪಾ ಸಾಕು ಅಂತ ಕಂಪನಿ ಬದಲಿಸಲು ಹೊರಡುತ್ತೇವೆ. ಹೊಸ ಕಂಪನಿಯವರು ಫೋನಿನಲ್ಲಿ ಬಹಳ ಮರ್ಯಾದಸ್ಥರು. ನಾಳೆಯೇ ನಮ್ಮ ಇಂಜಿನಿಯರ್ ಬರ್ತಾರೆ ಸರ್ ಅನ್ನುತ್ತಾರೆ. ನಾಳೆ ಅಲ್ಲ, ಅದರ ಆಚೆ ಯಾವತ್ತೋ ಒಂದು ದಿನ ಅಂಗಳದಲ್ಲಿ ಬೈಕ್ ನಿಲ್ಲುತ್ತದೆ. ನೋಡಿದರೆ ಅದೇ ಹುಡುಗ. ಅದೇ ಬೈಕ್, ಅದೇ ಏಣಿ. ಟೀಶರ್ಟ್ ಮಾತ್ರ ಬೇರೆ ಬಣ್ಣ.

"ಅಲ್ಲ ಮಾರಾಯ, ನೀನು ಆ ಕಂಪನಿಯವನಲ್ವಾ?"

"ಅದು ಬೆಳಗ್ಗೆ ಅಣ್ಣಾ. ಮಧ್ಯಾಹ್ನದ ಮೇಲೆ ಇದು."

"ಅವರ ಲೈನ್ ಸರಿ ಇಲ್ಲ ಅಂತಲೇ ಬಿಟ್ಟದ್ದು. ಇವರದ್ದು ಹೇಗೆ?"

"ಲೈನ್ ಅದೇ ಅಣ್ಣಾ. ಬಿಲ್ಲು ಬೇರೆ."

ಹೇಳಿದವನು ಕೆಲಸಕ್ಕೆ ಕೂತ. ಅವನ ಕೈಚಳಕ ನೋಡಬೇಕು. ಕರಿ ಕೇಬಲಿನ ಸಿಪ್ಪೆ ಸುಲಿದು, ಒಳಗಿನ ಕೂದಲಿನಷ್ಟು ಸಪೂರ ಗಾಜಿನ ಎಳೆ ತೆಗೆದು, ಸ್ಪಿರಿಟ್ ಹಾಕಿದ ಟಿಶ್ಯೂದಲ್ಲಿ ಒರೆಸಿದ. ಕಿಟಕ್ ಅಂತ ತುದಿ ಕತ್ತರಿಸಿದ. ಕಣ್ಣಿಗೆ ಕಾಣದ ಹಾಗೆ ಬಿದ್ದ ಗಾಜಿನ ಚೂರನ್ನು ಟೇಪಿಗೆ ಅಂಟಿಸಿ, "ಮಕ್ಕಳ ಕಾಲಿಗೆ ಚುಚ್ಚಬಾರದಲ್ಲ" ಅಂದ. ಎರಡು ಕಂಪನಿಗಳ ನಡುವೆ ಜವಾಬ್ದಾರಿ ಅಂತ ಇದ್ದದ್ದು ಅವನೊಬ್ಬನಿಗೇ. ಕಂಪನಿಗಳು ಟಿವಿ ಜಾಹೀರಾತಿನಲ್ಲಿ ಒಬ್ಬರನ್ನೊಬ್ಬರು ಬೈಯುತ್ತವೆ. ಕಂಬದ ಮೇಲೆ ಎಲ್ಲರ ತಂತಿಯೂ ಒಂದನ್ನೊಂದು ತಬ್ಬಿಕೊಂಡು ಬಿದ್ದಿರುತ್ತದೆ. ಜೆಸಿಬಿ ಯಾರ ಲೋಗೋವನ್ನೂ ಓದುವುದಿಲ್ಲ. ಅದರ ಮುಂದೆ ಎಲ್ಲ ಕಂಪನಿಗಳೂ ಸಮಾನ. ಸ್ಪರ್ಧೆಯಿಂದ ಗ್ರಾಹಕನಿಗೆ ಲಾಭ ಅಂತ ಕಾಮರ್ಸ್ ಮೇಷ್ಟ್ರು ಪಾಠ ಮಾಡುತ್ತಾರಲ್ಲ, ಅವರನ್ನು ಒಮ್ಮೆ ಕುಂಬಳೆ ಪೇಟೆಯ ಯಾವುದಾದರೂ ಕಂಬದ ಕೆಳಗೆ ನಿಲ್ಲಿಸಿ ಮೇಲೆ ನೋಡಲು ಹೇಳಬೇಕು.

ಇನ್ನುಳಿದದ್ದು ಹಳೇ ಕಂಪನಿಗೆ ವಿದಾಯ. ಸೇರುವಾಗ ಮನೆಗೇ ಬಂದು ಆಧಾರ್ ಫೋಟೋ ಹೊಡೆದುಕೊಂಡು ಹೋದವರು, ಬಿಡುವಾಗ ನಮ್ಮನ್ನು ಪೇಟೆಗೆ ಕರೆಸುತ್ತಾರೆ. ಬಾಕ್ಸ್ ತನ್ನಿ, ಅಡಾಪ್ಟರ್ ತನ್ನಿ. ಡೆಪಾಸಿಟ್ ವಾಪಸ್ಸು? ಅದು ಸಿಸ್ಟಂನಲ್ಲಿ ಬರುತ್ತದೆ. ಸಿಸ್ಟಂ ಯಾವಾಗ ಬರುತ್ತದೆ ಅಂತ ಕೇಳಬಾರದು.

ಅಷ್ಟರಲ್ಲಿ ಫೋನ್ ಬಂತು. ಇಷ್ಟು ಕಾಲ ಮಲಯಾಳ, ಇಂಗ್ಲಿಷ್, ಹಿಂದಿ ಅಂತಿದ್ದ ಅದೇ ಕಂಪನಿಯಿಂದ, ಅಚ್ಚ ಕನ್ನಡದಲ್ಲಿ.

"ನಮಸ್ಕಾರ ಸರ್. ನೀವು ನಮ್ಮನ್ನು ಬಿಟ್ಟು ಹೋಗ್ತಿದ್ದೀರಂತೆ, ತುಂಬಾ ಬೇಜಾರಾಯ್ತು."

"ಇಷ್ಟು ದಿನ ಎಲ್ಲಿದ್ದಿರಿ ತಾಯಿ? ನೆಟ್ ಇಲ್ಲ ಅಂತ ಬಾಯಿ ಬಡ್ಕೊಂಡಾಗ ಕನ್ನಡದವರು ಒಬ್ಬರೂ ಸಿಗಲಿಲ್ಲ."

"ಕಂಪ್ಲೇಂಟ್ ನಮಗೆ ಬರಲ್ಲ ಸರ್. ನಮ್ಮದು ಬಿಟ್ಟುಹೋಗುವವರ ಸೆಕ್ಷನ್."

ಎರಡು ತಿಂಗಳು ಪುಕ್ಕಟೆ ಕೊಡುತ್ತೇನೆ ಅಂದರು. ಬೇಡ ಅಂದೆ. ಸ್ಪೀಡ್ ಡಬಲ್ ಮಾಡುತ್ತೇನೆ ಅಂದರು. ಸೊನ್ನೆಯನ್ನು ಡಬಲ್ ಮಾಡಿದರೆ ಎಷ್ಟಾಗುತ್ತದೆ ಅಂತ ಕೇಳಿದೆ. ಪಾಪ, ನಕ್ಕರು. ಕೊನೆಗೆ ಬಿಡುವ ಕಾರಣ ಫಾರಂನಲ್ಲಿ ತುಂಬಬೇಕು ಅಂದರು. ಇರುವ ಕಾರಣಗಳು ಮೂರು: ಮನೆ ಬದಲಾವಣೆ, ವಿದೇಶ ಪ್ರಯಾಣ, ಮರಣ. ನೆಟ್ ಬರುವುದಿಲ್ಲ ಅನ್ನುವ ಕಾರಣ ಅವರ ಪಟ್ಟಿಯಲ್ಲಿ ಇಲ್ಲ.

"ಸದ್ಯಕ್ಕೆ ಮನೆ ಬದಲಾವಣೆ ಅಂತ ಹಾಕಿ" ಅಂದೆ.

"ಆಯ್ತು ಸರ್. ಹೊಸ ಮನೆಯ ಅಡ್ರೆಸ್?"

"ಈಗ ಇರುವುದೇ."

ಆ ಕಡೆ ಕೀಬೋರ್ಡ್ ಟಕಟಕ ಕೇಳಿಸಿತು.

"ಕಂಗ್ರಾಚುಲೇಷನ್ಸ್ ಸರ್! ಆ ಅಡ್ರೆಸ್ಸಿಗೆ ನಮ್ಮ ಸರ್ವಿಸ್ ಇದೆ. ಇದನ್ನೇ ಅಲ್ಲಿಗೆ ಶಿಫ್ಟ್ ಮಾಡ್ಲಾ?"