‘ಎಲೆಕ್ಷನ್ ಯಾವಾಗ?’ ಅಂತ ಕೇಳಿದ ಚಿಕ್ಕಪ್ಪ

2022ರ ನವೆಂಬರ್ 20, ಭಾನುವಾರ. ಅಡಿಕೆ ಕೊಯ್ಲಿನ ಸಮಯ ಅಂತ ಊರಿಗೆ ಹೋಗಿದ್ದೆ. ಹಿಂದಿನ ದಿನ ಸಂಜೆ ಮಂಗಳೂರಿನ ನಾಗುರಿ ಹತ್ತಿರ ಓಡುತ್ತಿದ್ದ ಆಟೋದೊಳಗೆ ಏನೋ ಸಿಡಿದು, ಡ್ರೈವರ್ ಮತ್ತು ಪ್ರಯಾಣಿಕ ಇಬ್ಬರೂ ಸುಟ್ಟುಕೊಂಡಿದ್ದರು. ಬೆಳಿಗ್ಗೆ ಡಿಜಿಪಿ ಪ್ರವೀಣ್ ಸೂದ್ ಟ್ವೀಟ್ ಮಾಡಿದ್ದರು: ಇದು ಆಕಸ್ಮಿಕ ಅಲ್ಲ, ಭಯೋತ್ಪಾದಕ ಕೃತ್ಯ. ನಾನು ಅದನ್ನು ಜೋರಾಗಿ ಓದಿದೆ. ಹಂಡೆಯ ಒಲೆಗೆ ಸೌದೆ ತಳ್ಳುತ್ತಿದ್ದ ಚಿಕ್ಕಪ್ಪ ತಲೆ ಎತ್ತದೆ ಕೇಳಿದರು, "ಎಲೆಕ್ಷನ್ ಯಾವಾಗ?"

"ಮುಂದಿನ ಮೇ ಹೊತ್ತಿಗೆ ಇರಬಹುದು."

"ಹಂಗಾರೆ ಸರಿ ಬಿಡು."

ಅಷ್ಟೇ. ಚಿಕ್ಕಪ್ಪ ಕಾಂಗ್ರೆಸ್ಸಿಗರೂ ಅಲ್ಲ, ಕಮ್ಯುನಿಸ್ಟೂ ಅಲ್ಲ. ಆಗ ಗೃಹಮಂತ್ರಿಯಾಗಿದ್ದವರು ನಮ್ಮದೇ ತೀರ್ಥಹಳ್ಳಿ ಕ್ಷೇತ್ರದ ಆರಗ ಜ್ಞಾನೇಂದ್ರ. ಚಿಕ್ಕಪ್ಪ ಅವರಿಗೇ ಓಟು ಹಾಕಿಕೊಂಡು ಬಂದ ಮನುಷ್ಯ. ಆದರೆ ತಾನೇ ಓಟು ಹಾಕಿದ ಸರ್ಕಾರದ ಪೊಲೀಸರು ಬಾಂಬ್ ಅಂದರೂ ಅವರಿಗೆ ಮೊದಲು ನೆನಪಾದದ್ದು ಚುನಾವಣೆಯ ತಾರೀಕು.

ಸಂಜೆ ಹೊತ್ತಿಗೆ ಟಿವಿಯಲ್ಲಿ ತೀರ್ಥಹಳ್ಳಿ ಹೆಸರು ಬಂತು. ಆಟೋದಲ್ಲಿದ್ದ ಪ್ರಯಾಣಿಕ ನಮ್ಮ ಪೇಟೆಯವನು. ಜೇಬಿನಲ್ಲಿ ಇದ್ದದ್ದು ಹುಬ್ಬಳ್ಳಿಯ ಯಾರೋ ಕಳೆದುಕೊಂಡ ಆಧಾರ್ ಕಾರ್ಡ್, ಚೀಲದಲ್ಲಿ ಇದ್ದದ್ದು ಕುಕ್ಕರ್ ಬಾಂಬ್. 2020ರಲ್ಲಿ ಮಂಗಳೂರಿನ ಗೋಡೆಗಳ ಮೇಲೆ ಲಷ್ಕರ್ ಉಗ್ರರ ಪರ ಬರಹ ಬರೆದ ಕೇಸಿನಲ್ಲಿ ಬಂಧನವಾಗಿ, ಜಾಮೀನಿನ ಮೇಲೆ ಹೊರಬಂದಿದ್ದವನೇ ಅವನು. ಎರಡು ತಿಂಗಳ ಹಿಂದೆ ಶಿವಮೊಗ್ಗದಲ್ಲಿ ಜೊತೆಗಾರರು ಸಿಕ್ಕಿಬಿದ್ದಾಗ ತಪ್ಪಿಸಿಕೊಂಡಿದ್ದವನೂ ಅವನೇ. ತುಂಗಾ ದಂಡೆಯಲ್ಲಿ ಬಾಂಬ್ ಸಿಡಿಸಿ ಪ್ರಯೋಗ ಮಾಡಿದ್ದರು ಅಂತ ಪೊಲೀಸರು ಆಗಲೇ ಹೇಳಿದ್ದರು. ಆಗಲೂ ನಮ್ಮ ಊರಿನ ಹೋಟೆಲಲ್ಲಿ ನಕ್ಕಿದ್ದೆವು. ತುಂಗಾ ದಂಡೆಯಲ್ಲಿ ದೀಪಾವಳಿ ಪಟಾಕಿಯೂ ಸಿಡಿಯುತ್ತೆ ಅಂತ ಯಾರೋ ಅಂದದ್ದಕ್ಕೆ ನಾನೂ ನಕ್ಕಿದ್ದೆ. ಅದನ್ನು ಮುಚ್ಚಿಟ್ಟು ಈ ಪೋಸ್ಟ್ ಬರೆಯುವುದು ಸರಿಯಲ್ಲ.

ನಾವು ನಕ್ಕದ್ದು ಯಾಕೆ ಅಂತ ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಜನ ದಡ್ಡರು, ದೇಶದ ಭದ್ರತೆ ಬಗ್ಗೆ ಕಾಳಜಿ ಇಲ್ಲ ಅನ್ನುವ ಟಿವಿ ಭಾಷಣ ನನಗೆ ಒಪ್ಪಿಗೆಯಿಲ್ಲ. ಆ ಒಂದೇ ವರ್ಷದ ಲೆಕ್ಕ ತೆಗೆದು ನೋಡಿ. ಏಪ್ರಿಲ್‌ನಲ್ಲಿ ಬೆಂಗಳೂರಿನ ಜೆ.ಜೆ. ನಗರದಲ್ಲಿ ಒಬ್ಬ ಯುವಕನ ಕೊಲೆಯಾಯಿತು. ಉರ್ದು ಮಾತಾಡಲು ಬರದೇ ಇದ್ದದ್ದಕ್ಕೆ ಚುಚ್ಚಿ ಕೊಂದರು ಅಂತ ಗೃಹಮಂತ್ರಿಗಳೇ ಮಾಧ್ಯಮದ ಮುಂದೆ ಹೇಳಿದರು. ಅಲ್ಲ, ಬೈಕ್ ಡಿಕ್ಕಿಯಾದ ಜಗಳ ಅಂತ ಕಮಿಷನರ್ ಕಮಲ್ ಪಂತ್ ಹೇಳಿದರು. ಮಂತ್ರಿಗಳು ಮಾತು ವಾಪಸ್ ತಗೊಂಡರು. ಅಕ್ಟೋಬರ್‌ನಲ್ಲಿ ಹೊನ್ನಾವರದ ಕೇಸು. 2017ರ ಡಿಸೆಂಬರ್‌ನಲ್ಲಿ ಅಲ್ಲಿನ ಶೆಟ್ಟಿಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತ್ತು. ಮತಾಂಧರು ಹಿಂಸೆ ಕೊಟ್ಟು ಕೊಂದರು ಅಂತ ಜಿಲ್ಲೆಗೆ ಜಿಲ್ಲೆಯೇ ಹೊತ್ತಿ ಉರಿದಿತ್ತು, ಕುಮಟಾದಲ್ಲಿ ಐಜಿಯವರ ಕಾರಿಗೇ ಬೆಂಕಿ ಬಿದ್ದಿತ್ತು. ಸಿಬಿಐ ನಾಲ್ಕು ವರ್ಷಕ್ಕೂ ಹೆಚ್ಚು ತನಿಖೆ ಮಾಡಿ, ಆಕಸ್ಮಿಕವಾಗಿ ನೀರಿಗೆ ಬಿದ್ದ ಸಾವು ಅಂತ ವರದಿ ಹಾಕಿತು. ಅಷ್ಟರೊಳಗೆ 2018ರ ಚುನಾವಣೆ ಮುಗಿದು, ಅದರ ಸರ್ಕಾರ ಬಿದ್ದು, ಇನ್ನೊಂದು ಸರ್ಕಾರ ಬಂದು, ಮತ್ತೊಂದು ಚುನಾವಣೆ ಬಾಗಿಲಿಗೆ ಬಂದಿತ್ತು.

ಅಕ್ಟೋಬರ್‌ನಲ್ಲಿ ಆ ವರದಿ, ನವೆಂಬರ್‌ನಲ್ಲಿ ಕುಕ್ಕರ್. ಚಿಕ್ಕಪ್ಪ ಪೇಪರ್ ಓದುವ ಮನುಷ್ಯ. ಅವರ ಪ್ರಶ್ನೆ ಕುಹಕ ಅಂತ ನನಗೀಗ ಅನಿಸುವುದಿಲ್ಲ. ವರ್ಷವರ್ಷ ಅಡಿಕೆ ಮಾರಿ ದಲ್ಲಾಳಿಯ ತೂಕದ ಮೇಲೆ ಕಣ್ಣಿಟ್ಟು ಬದುಕಿದವರು, ಒಂದು ಸಲ ತಕ್ಕಡಿಯಲ್ಲಿ ಮೋಸ ಕಂಡರೆ ಮುಂದಿನ ಸಲ ಸರಿಯಾದ ತೂಕಕ್ಕೂ ಹುಬ್ಬು ಏರಿಸುತ್ತಾರೆ.

ಆದರೆ ಈ ಸಲ ತೂಕ ಸರಿಯಿತ್ತು. ನನಗೆ ಮುಳ್ಳಿನ ಹಾಗೆ ಚುಚ್ಚುವುದು ಅದೇ. ಅಂತಹ ಸಂದರ್ಭದಲ್ಲಿ ವಿರೋಧ ಪಕ್ಷದವರಾದರೂ ಸ್ವಲ್ಪ ತಾಳಬಹುದಿತ್ತು. ಡಿಸೆಂಬರ್‌ನಲ್ಲಿ ಡಿ.ಕೆ. ಶಿವಕುಮಾರ್, ತನಿಖೆಗೆ ಮೊದಲೇ ಭಯೋತ್ಪಾದನೆ ಅಂದದ್ದು ಹೇಗೆ, ಇದು ಮತದಾರರ ಮಾಹಿತಿ ಕಳವಿನ ಹಗರಣದಿಂದ ಗಮನ ಬೇರೆಡೆ ತಿರುಗಿಸಲು ಅನ್ನುವ ಅರ್ಥದಲ್ಲಿ ಮಾತಾಡಿದರು. ಸುಟ್ಟ ಗಾಯದಲ್ಲಿ ಮಲಗಿದ್ದ ಆಟೋ ಡ್ರೈವರ್‌ಗೆ ಆ ಮಾತು ಕೇಳಿಸಿದ್ದರೆ ಹೇಗನಿಸಿತ್ತೋ.

ಇನ್ನು 2024ರ ಮಾರ್ಚ್. ಒಂದನೇ ತಾರೀಕು ಮಧ್ಯಾಹ್ನ ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ. ನನ್ನ ಆಫೀಸು ಅಲ್ಲಿಂದ ದೂರವೇನಿಲ್ಲ. ಮೊದಲು ಸಿಲಿಂಡರ್ ಅಂದರು, ಸಂಜೆ ಹೊತ್ತಿಗೆ ನಾಡಬಾಂಬ್ (ಐಇಡಿ) ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಖಚಿತಪಡಿಸಿದರು. ಅದಕ್ಕೆ ಮೂರು ದಿನ ಮೊದಲು, ಫೆಬ್ರವರಿ 27ರಂದು ವಿಧಾನಸೌಧದೊಳಗೆ ಪಾಕಿಸ್ತಾನ ಜಿಂದಾಬಾದ್ ಕೂಗಿದರು ಅನ್ನುವ ಗಲಾಟೆ. ಕೂಗಿಯೇ ಇಲ್ಲ, ರಾಜ್ಯಸಭೆಗೆ ಗೆದ್ದ ಅಭ್ಯರ್ಥಿಯ ಹೆಸರು ಕೂಗಿದ್ದು ಅಂತ ಆಗ ಆಳುತ್ತಿದ್ದ ಕಾಂಗ್ರೆಸ್ಸಿನವರ ಸಮರ್ಥನೆ. ಆಮೇಲೆ ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಬಂತು, ಅದೇ ಸರ್ಕಾರದ ಪೊಲೀಸರು ಮೂವರನ್ನು ಬಂಧಿಸಿದರು. ಅಂದರೆ ಅಪಾಯ ಇದೆ ಅಂತ ಉಬ್ಬಿಸುವವರೇ ನಂಬಿಕೆ ಹಾಳುಮಾಡಿದ್ದು ಅಂತಲ್ಲ. ಏನೂ ಆಗಿಲ್ಲ ಅಂತ ಪರದೆ ಎಳೆಯುವವರದ್ದೂ ಅಷ್ಟೇ ಪಾಲಿದೆ.

ಆ ತಿಂಗಳು ಕೇಂದ್ರ ಸಚಿವೆ ಶೋಭಾ ಕರಂದ್ಲಾಜೆ, ತಮಿಳುನಾಡಿನಿಂದ ತರಬೇತಿ ಪಡೆದು ಬಂದವರು ಕೆಫೆಯಲ್ಲಿ ಬಾಂಬ್ ಇಟ್ಟರು ಅಂದುಬಿಟ್ಟರು. ಆಮೇಲೆ ತಮಿಳರ ಕ್ಷಮೆ ಕೇಳಿದರು. ಏಪ್ರಿಲ್ ಮೊದಲ ವಾರ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ತೀರ್ಥಹಳ್ಳಿಯಲ್ಲಿ ಬಿಜೆಪಿ ಕಾರ್ಯಕರ್ತನೊಬ್ಬನನ್ನು ವಿಚಾರಣೆಗೆ ಕರೆಯಿತು. ಅವತ್ತು ಕಾಂಗ್ರೆಸ್ಸಿನವರ ಸಂಭ್ರಮ ನೋಡಬೇಕಿತ್ತು. ಸಿಕ್ಕಿಬಿತ್ತು ಕೇಸರಿ ಕೈವಾಡ ಅಂತ ಪೋಸ್ಟರ್ ಮೇಲೆ ಪೋಸ್ಟರ್. ಆತ ಆರೋಪಿ ಅಲ್ಲ, ಸಾಕ್ಷಿ ಅಂತ ಎನ್‌ಐಎ ಪ್ರಕಟಣೆ ಹೊರಡಿಸಿತು, ದೃಢಪಡದ ಸುದ್ದಿ ಹರಡಿ ತನಿಖೆಗೆ ತೊಂದರೆ ಕೊಡಬೇಡಿ ಅಂತಲೂ ಹೇಳಿತು. ವಾರದೊಳಗೆ ಇಬ್ಬರನ್ನು ಪಶ್ಚಿಮ ಬಂಗಾಳದಲ್ಲಿ ಹಿಡಿದರು. ಇಬ್ಬರ ಊರೂ ತೀರ್ಥಹಳ್ಳಿ. ತಮಿಳುನಾಡಿಗೆ ಹೊರಟ ಬೆರಳು ಆಗುಂಬೆ ರಸ್ತೆಯಲ್ಲಿ ಬಂದು ನಿಂತಿತು. ಅವರಲ್ಲಿ ಒಬ್ಬನ ಹೆಸರು 2020ರಿಂದಲೂ ಪೊಲೀಸರ ಪಟ್ಟಿಯಲ್ಲಿತ್ತು. ಕೇಸು ನ್ಯಾಯಾಲಯಕ್ಕೆ ಬಿಟ್ಟದ್ದು, ನಾನು ತೀರ್ಪು ಕೊಡುವುದಿಲ್ಲ.

ಬೆಂಗಳೂರಲ್ಲಿ ನಮ್ಮ ಕಡೆಯವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ಮೆಸೇಜು, "ಎಂತ ಮಾರಾಯ್ರೇ, ಮತ್ತೆ ನಮ್ಮೂರೇ!" ಕುವೆಂಪು, ಶಾಂತವೇರಿ ಗೋಪಾಲಗೌಡರ ಊರು ಅಂತ ಪರಿಚಯ ಹೇಳಿಕೊಳ್ಳುತ್ತಿದ್ದವರು ನಾವು. ಈಗ ಶಿವಮೊಗ್ಗ ಜಿಲ್ಲೆ ಅಂದು ಸುಮ್ಮನಾಗುತ್ತೇವೆ.

ಸರ್ಕಾರದ ಮಾತು ನಂಬದಿರುವುದು ಬೆಂಗಳೂರಿಗೆ ಹೊಸದೇನಲ್ಲ. 2012ರ ಆಗಸ್ಟ್ ನೆನಪಿದೆಯಾ? ಸ್ವಾತಂತ್ರ್ಯ ದಿನದ ಸಂಜೆ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರು ಬ್ಯಾಗು ಹೊತ್ತು ಸಿಟಿ ರೈಲ್ವೆ ಸ್ಟೇಷನ್‌ಗೆ ಸಾವಿರಗಟ್ಟಲೆ ಬಂದರು. ರಂಜಾನ್ ಮುಗಿದ ಮೇಲೆ ಹಲ್ಲೆ ಮಾಡ್ತಾರಂತೆ ಅನ್ನುವ ಎಸ್‌ಎಂಎಸ್ ಹರಿದಾಡಿತ್ತು. ಗೃಹಮಂತ್ರಿ ಆರ್. ಅಶೋಕ್ ಸ್ವತಃ ಸ್ಟೇಷನ್‌ಗೆ ಹೋಗಿ ಹೆದರಬೇಡಿ, ನಾವಿದ್ದೇವೆ ಅಂದರು. ಯಾರೂ ಇಳಿಯಲಿಲ್ಲ. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್‌ಎಂಎಸ್ ಅಂತ ಮಿತಿ ಹಾಕಿತು. ನಮ್ಮ ಪಿ.ಜಿ.ಯಲ್ಲಿ ಅಡುಗೆಗೆ ಇದ್ದ ಅಸ್ಸಾಂನ ಹುಡುಗ ಅರ್ಧ ಕಲಸಿದ ಹಿಟ್ಟು ಬಿಟ್ಟು ಹೋಗಿದ್ದ. ಮಂತ್ರಿ, ಕಮಿಷನರ್, ಟಿವಿ ಎಲ್ಲ ಸೇರಿ ಹೇಳಿದ್ದಕ್ಕಿಂತ ಯಾರು ಕಳಿಸಿದ್ದೋ ಗೊತ್ತಿಲ್ಲದ ಒಂದು ಸಾಲಿಗೆ ಅವನು ಹೆಚ್ಚು ಬೆಲೆ ಕೊಟ್ಟ. ಸರ್ಕಾರ ಅಪಾಯ ಇದೆ ಅಂದಾಗ ಮಾತ್ರ ಜನ ನಂಬುವುದಿಲ್ಲ ಅಂದುಕೊಂಡಿದ್ದೆ. ಅಪಾಯ ಇಲ್ಲ ಅಂದಾಗಲೂ ನಂಬುವುದಿಲ್ಲ.

ಅದೇ ತಿಂಗಳ ಕೊನೆಗೆ ಲಷ್ಕರ್ ಸಂಚು ಬಯಲು ಅಂತ ಬೆಂಗಳೂರು, ಹುಬ್ಬಳ್ಳಿಯಲ್ಲಿ ಬಂಧನಗಳಾದವು. ಬಂಧಿತರಲ್ಲಿ ಒಬ್ಬ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯ ಯುವ ವರದಿಗಾರ. ಚಾನೆಲ್‌ಗಳು ಅವನನ್ನೇ ಸೂತ್ರಧಾರ ಅಂತ ಕರೆದವು. ಆರು ತಿಂಗಳು ಜೈಲಲ್ಲಿದ್ದ ಮೇಲೆ, ಅವನ ಮೇಲೆ ಆರೋಪ ಹೊರಿಸಲು ಏನೂ ಇಲ್ಲ ಅಂತ ಆಯಿತು, ಬಿಟ್ಟರು. ಕಥೆ ಇಲ್ಲಿಗೇ ನಿಲ್ಲಿಸಿದರೆ ಸರ್ಕಾರದ್ದೆಲ್ಲ ಸುಳ್ಳು ಅನ್ನುವವರಿಗೆ ಹಬ್ಬ. ಆದರೆ ಅದೇ ಕೇಸಿನಲ್ಲಿ 2016ರಲ್ಲಿ ಹದಿಮೂರು ಜನ ತಪ್ಪು ಒಪ್ಪಿಕೊಂಡು ಶಿಕ್ಷೆ ಪಡೆದರು. ಅದನ್ನಷ್ಟೇ ಹೇಳಿದರೆ ಇನ್ನೊಂದು ಬಣಕ್ಕೆ ಹಬ್ಬ. ಒಂದೇ ಎಫ್‌ಐಆರ್‌ನೊಳಗೆ ನಿಜವೂ ಇತ್ತು, ಒಬ್ಬ ಅಮಾಯಕನ ಆರು ತಿಂಗಳೂ ಇತ್ತು. ಎರಡನ್ನೂ ಒಟ್ಟಿಗೆ ಹೇಳುವವರು ನನಗೆ ಅಪರೂಪಕ್ಕೂ ಸಿಗುತ್ತಿಲ್ಲ.

ಒಂದೇ ಕುಟುಂಬದಲ್ಲೂ ಹೀಗೇ ಆದದ್ದುಂಟು. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿ ಸುಟ್ಟುಕೊಂಡು ಸತ್ತ ಕಫೀಲ್ ಅಹ್ಮದ್ ಬೆಂಗಳೂರಿನ ಎಂಜಿನಿಯರ್. ಅವನ ಸಂಬಂಧಿ, ಮೂಡಿಗೆರೆ ಮೂಲದ ಡಾ. ಮೊಹಮ್ಮದ್ ಹನೀಫ್ ಆಸ್ಟ್ರೇಲಿಯಾದಲ್ಲಿ ಕೆಲಸಕ್ಕಿದ್ದರು. ಜುಲೈ 2ಕ್ಕೆ ಬ್ರಿಸ್ಬೇನ್‌ನಲ್ಲಿ ಅವರನ್ನು ಹಿಡಿದು, ಆರೋಪವೇ ಇಲ್ಲದೆ ಹನ್ನೆರಡು ದಿನ ಇಟ್ಟರು. ಹನೀಫ್ ಕಫೀಲನ ತಮ್ಮನಿಗೆ ಬಿಟ್ಟುಕೊಟ್ಟಿದ್ದ ಸಿಮ್ ಕಾರ್ಡು ಆ ಜೀಪಿನಲ್ಲೇ ಸಿಕ್ಕಿತು ಅಂತ ಕೋರ್ಟಿನಲ್ಲಿ ಹೇಳಿದರು. ಅದು ಸಿಕ್ಕಿದ್ದು ದೂರದ ಲಿವರ್‌ಪೂಲ್‌ನಲ್ಲಿ. ತಿಂಗಳು ಮುಗಿಯುವುದರೊಳಗೆ ಕೇಸು ಬಿತ್ತು. ಅಲ್ಲಿಯೂ ಆಗ ಚುನಾವಣೆ ಹತ್ತಿರವಿತ್ತು, ಅಲ್ಲಿಯ ಚಿಕ್ಕಪ್ಪಂದಿರೂ ಇದೇ ಪ್ರಶ್ನೆ ಕೇಳಿದ್ದರು. ಒಂದು ವ್ಯತ್ಯಾಸ ಅಂದರೆ, ಆ ದೇಶ ನಿವೃತ್ತ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿತು, ತಪ್ಪು ನಮ್ಮದು ಅಂತ ಒಪ್ಪಿಕೊಂಡಿತು, 2010ರಲ್ಲಿ ಪರಿಹಾರ ಕೊಟ್ಟಿತು. ನಮ್ಮಲ್ಲಿ ಹನ್ನೆರಡು ದಿನ ಇರಲಿ, ಹನ್ನೆರಡು ವರ್ಷ ಜೈಲಲ್ಲಿದ್ದು ಖುಲಾಸೆಯಾದವನಿಗೂ ಬಸ್ ಚಾರ್ಜು ಕೊಡುವವರಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಇದನ್ನು ಓದಿ ಕೆಲವರು ಅನ್‌ಫ್ರೆಂಡ್ ಮಾಡಿದರೂ ಸರಿ. ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರಲ್ಲಿ, ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು 2017ರಲ್ಲಿ ಕೊಂದದ್ದು ಒಂದೇ ನಾಡಪಿಸ್ತೂಲಿನಿಂದ ಅಂತ ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಗೌರಿ ಕೇಸಿನಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ಹದಿನೆಂಟು ಜನರ ಮೇಲೆ ದೋಷಾರೋಪ ಹಾಕಿತು. ಹಳ್ಳಿ ಪೇಟೆಗಳ ಸಾಧಾರಣ ಹುಡುಗರನ್ನು ಹುಡುಕಿ, ಧರ್ಮದ ಹೆಸರಲ್ಲಿ ತಲೆ ತುಂಬಿ, ಕೈಗೆ ಪಿಸ್ತೂಲು ಕೊಟ್ಟ ಜಾಲ ಅಂತ ಅದರ ವಾದ. ಕುಕ್ಕರ್ ಕೇಸಿನಲ್ಲಿ ಪೊಲೀಸರ ಪ್ರತಿ ಅಕ್ಷರ ನಂಬಿದ ನನ್ನ ಗೆಳೆಯರು ಇಲ್ಲಿ, ಎಲ್ಲ ಕಟ್ಟುಕಥೆ, ಬಡಪಾಯಿ ಹುಡುಗರು ಅಂದರು. ಈ ಕೇಸಿನಲ್ಲಿ ಎಸ್‌ಐಟಿಗೆ ಕೈಮುಗಿದವರು ಕುಕ್ಕರ್ ವಿಷಯಕ್ಕೆ, ಎನ್‌ಐಎ ಹೇಳಿದ್ದೆಲ್ಲ ನಂಬೋಕಾಗುತ್ತಾ ಅಂದರು. 2024ರ ಅಕ್ಟೋಬರ್‌ನಲ್ಲಿ ಜಾಮೀನು ಸಿಕ್ಕ ಇಬ್ಬರು ಆರೋಪಿಗಳಿಗೆ ವಿಜಯಪುರದಲ್ಲಿ ಹಾರ ಹಾಕಿ ಸ್ವಾಗತಿಸಿದರು. ನಮಗೆ ಸರ್ಕಾರದ ಮೇಲೆ ನಂಬಿಕೆ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಆರೋಪಿಯ ಹೆಸರು ಓದುವ ತನಕ ಮಾತ್ರ ನಾವು ಅನುಮಾನದಲ್ಲಿರುತ್ತೇವೆ.

ಇದೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕೆಫೆ ಸ್ಫೋಟದ ಮಾರನೇ ತಿಂಗಳು ಊರಲ್ಲಿ ಆದ ಒಂದು ಭೇಟಿಯಿಂದ.

ನಮ್ಮ ತೋಟದ ಚೇಣಿ, ಅಂದರೆ ಅಡಿಕೆ ಫಸಲಿನ ಗುತ್ತಿಗೆ, ಹಿಡಿಯುವವರು ಒಬ್ಬರು ಸಾಹೇಬರು. ಅಪ್ಪನ ಕಾಲದಿಂದ ಅವರದೇ ವ್ಯವಹಾರ, ನನ್ನನ್ನು ಸಣ್ಣವನಿದ್ದಾಗ ಎತ್ತಿನಗಾಡಿ ಮೇಲೆ ಕೂರಿಸಿಕೊಂಡು ಹೋಗಿದ್ದಾರಂತೆ. ಲೆಕ್ಕ ಮುಗಿಸಿ, ಕಾಫಿ ಕುಡಿದು, ಏಳುವಾಗ ನಿಂತರು. "ತಮ್ಮಾ, ನೀನು ಬೆಂಗಳೂರಲ್ಲಿ ಇರೋನು, ಒಂದು ಕೇಳ್ಲಾ? ನಮ್ಮ ಕಿರಿಯವ ರಾತ್ರಿ ಎರಡು ಗಂಟೆ ಮೂರು ಗಂಟೆ ತನಕ ಬಾಗಿಲು ಹಾಕ್ಕೊಂಡು ಫೋನ್ ನೋಡ್ತಾನೆ. ಏನು ಅಂದ್ರೆ ಬಾಯಿ ಬಿಡಲ್ಲ. ಊಟ ಬಿಟ್ಟಿದಾನೆ. ಪೇಟೇಲಿ ಹಿಂಗೆಲ್ಲ ಆಗಿದ್ದು ನೋಡಿ ನಂಗೆ ನಿದ್ದೆ ಇಲ್ಲ."

"ಸ್ಟೇಷನ್ನಲ್ಲಿ ಗೊತ್ತಿರೋರು ಯಾರಾದ್ರೂ ಇದ್ರೆ..." ಅಂತ ಶುರು ಮಾಡಿದೆ.

"ಸ್ಟೇಷನ್ನಿಗಾ?" ಅಂದರು. ಅಷ್ಟು ಹೇಳಿ ನನ್ನ ಮುಖ ನೋಡಿದರು. ನಾನು ವಾಕ್ಯ ಮುಗಿಸಲಿಲ್ಲ. ಆರು ತಿಂಗಳು ಒಳಗಿದ್ದ ವರದಿಗಾರ ನೆನಪಾದ. ಹೋಗಿ ಹೇಳಿ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೋಗಬೇಡಿ ಅನ್ನುವ ಧೈರ್ಯವೂ ಬರಲಿಲ್ಲ. ದಾರಿ ತಪ್ಪುವ ಹುಡುಗ ಮೊದಲು ಕಣ್ಣಿಗೆ ಬೀಳುವುದು ಮನೆಯವರಿಗೆ, ಎನ್‌ಐಎಗೆ ಅಲ್ಲ. ಆ ಮನೆಯಿಂದ ಸ್ಟೇಷನ್‌ಗೆ ಎಷ್ಟು ದೂರ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಮ್ಮ ಪೇಟೆಯಲ್ಲಿ ಅದು ಒಂದೂವರೆ ಕಿಲೋಮೀಟರು. ಸಾಹೇಬರು ಅಷ್ಟು ದೂರ ನಡೆಯಲಾರದೆ ನಮ್ಮ ಜಗಲಿಗೆ ಹತ್ತು ಕಿಲೋಮೀಟರು ಬಂದಿದ್ದರು.

ಅವನ ಹತ್ತಿರ ಕೂತು ಮಾತಾಡಿ, ಬೈಯಬೇಡಿ, ಫೋನ್ ಕಿತ್ಕೋಬೇಡಿ ಅಂತ ಏನೋ ಹೇಳಿ ಕಳಿಸಿದೆ. ಬೆಂಗಳೂರಿಗೆ ಬಂದ ಮೇಲೂ ಸಮಾಧಾನ ಇರಲಿಲ್ಲ. ಟಿವಿಯಲ್ಲಿ ತೀರ್ಥಹಳ್ಳಿ ಅಂದರೆ ಎದೆ ಧಸಕ್ ಅನ್ನುತ್ತಿತ್ತು.

ಹದಿನೈದು ದಿನ ಬಿಟ್ಟು ಅವರ ಫೋನ್ ಬಂತು. "ತಮ್ಮಾ, ಗೊತ್ತಾಯ್ತು. ರಮ್ಮಿ ಅಂತೆ, ಆನ್‌ಲೈನಲ್ಲಿ. ಎಂಬತ್ತು ಸಾವಿರ ಕಳಕೊಂಡಿದಾನೆ." ಎಂಬತ್ತು ಸಾವಿರ ಅನ್ನುವಾಗ ಅವರು ನಗುತ್ತಿದ್ದರು. ಮಗ ಸಾಲಗಾರ ಅಂತ ಹೇಳುತ್ತಾ ಅಷ್ಟು ಖುಷಿಯಾಗಿ ನಕ್ಕ ಅಪ್ಪನನ್ನು ನಾನು ಕಂಡಿಲ್ಲ. "ಈ ಸಲದ ಚೇಣಿ ದುಡ್ಡು ಸ್ವಲ್ಪ ತಡ ಆಗ್ತದೆ, ಚಿಕ್ಕಪ್ಪನಿಗೆ ನೀನೇ ಹೇಳು" ಅಂದರು.